ಬ್ರಿಕ್ ಲೇನ್: ಇಡೀ ಬೀದಿ ಬೇಡ, ಒಂದು ಬಾಗಿಲು ಹಿಡಿಯಿರಿ

ಪ್ರಶ್ನೆ: ನಾನು ಶಿವಮೊಗ್ಗದವಳು. ಲಂಡನ್ನಿನಲ್ಲಿ ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದೇನೆ. ನಮ್ಮ ಐದು ಜನರ ಗುಂಪು ಪೂರ್ವ ಲಂಡನ್ನಿನ ಬ್ರಿಕ್ ಲೇನ್ ಬೀದಿಯ ವಲಸಿಗರ ಇತಿಹಾಸ ಹುಡುಕಿ, ಎಲ್ಲರೂ ನೋಡುವಂಥ ಒಂದು ವೆಬ್‌ಸೈಟ್ ಮಾಡಬೇಕು. ಕೈಯಲ್ಲಿರುವುದು 12 ವಾರ. ನಮ್ಮಲ್ಲಿ ಯಾರೂ ಆ ಕಡೆಯವರಲ್ಲ, ಯಾರಿಗೂ ಬಂಗಾಳಿ ಬರುವುದಿಲ್ಲ. ಆ ಬೀದಿಯ ಬಗ್ಗೆ ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ನಾವು ಹೊಸದಾಗಿ ಏನು ಮಾಡಬಹುದು? ಅಲ್ಲಿ ತುಂಬಾ ವರ್ಷ ಹೋಟೆಲ್ ನಡೆಸಿದ ಹಿರಿಯರೊಬ್ಬರು ಮಾತಾಡಲು ಒಪ್ಪಿದ್ದಾರೆ. ಆದರೆ ರೆಕಾರ್ಡ್ ಮಾಡಬೇಡಿ ಅಂದಿದ್ದಾರೆ. ಅವರನ್ನು ಹೇಗೆ ಒಪ್ಪಿಸುವುದು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅವರನ್ನು ಒಪ್ಪಿಸಲು ಹೋಗಬೇಡಿ. ಮಾತಾಡುತ್ತೇನೆ ಅಂದಿದ್ದಾರಲ್ಲ, ಅದೇ ದೊಡ್ಡದು. ಫೋನನ್ನು ಚೀಲದಲ್ಲಿಟ್ಟು ಹೋಗಿ ಕೂತು ಕೇಳಿ. ಕೇಳಿದ್ದನ್ನು ಆಮೇಲೆ ಬರೆದಿಡುತ್ತೇವೆ ಅಂತ ಮೊದಲೇ ಹೇಳಿ. ಮನೆಗೆ ಬಂದ ಕೂಡಲೇ ಬರೆಯಿರಿ, ಮುಂದಿನ ಸಲ ಹೋದಾಗ ಅದನ್ನು ಅವರಿಗೆ ಓದಿ ತೋರಿಸಿ. ಅವರು ಬೇಡ ಅಂದ ಸಾಲನ್ನು ಅವರ ಎದುರಿಗೇ ಹೊಡೆದುಹಾಕಿ. ನನ್ನ ಅನುಭವದಲ್ಲಿ ಮೂರನೇ ಭೇಟಿಯಲ್ಲಿ ಮನುಷ್ಯರು ಹೇಳುವ ಮಾತು ಮೊದಲ ದಿನದ ರೆಕಾರ್ಡಿಂಗಿಗಿಂತ ಎಷ್ಟೋ ಪಾಲು ತೂಕದ್ದು.

ಅವರ ಹಿಂಜರಿಕೆಗೆ ಕಾರಣ ಇರಬಹುದು. ಆ ತಲೆಮಾರಿನ ಎಷ್ಟೋ ಜನರ ಪಾಸ್‌ಪೋರ್ಟಿನಲ್ಲಿ ಇರುವ ಹುಟ್ಟಿದ ತಾರೀಖು ಅಂದಾಜಿನದು. ನಮ್ಮ ಕಡೆ ಮೇಷ್ಟ್ರು ಅರ್ಧ ಊರಿಗೆ ಜೂನ್ 1 ಅಂತ ಬರೆದುಬಿಡಲಿಲ್ವಾ, ಹಾಗೆ. ನಮ್ಮಲ್ಲಿ ಅದು ನಗುವ ವಿಷಯ. ಪರದೇಶದಲ್ಲಿ ನೆಲೆಸಿದವರಿಗೆ ಅದೇ ಎದೆ ಬಡಿತ. 2018ರಲ್ಲಿ ಬ್ರಿಟನ್ನಿನಲ್ಲಿ ವಿಂಡ್‌ರಶ್ ಪ್ರಕರಣ ಬಯಲಿಗೆ ಬಂತು. ದಶಕಗಳ ಹಿಂದೆ ಕಾನೂನಿನ ಪ್ರಕಾರವೇ ಬಂದು ನೆಲೆಸಿದ್ದ ಜನ ಅವರು, ಹೆಚ್ಚಿನವರು ಕೆರಿಬಿಯನ್ ಕಡೆಯವರು. ಕಾಗದ ತೋರಿಸಿ ಅಂದಾಗ ತೋರಿಸಲು ಏನೂ ಇರಲಿಲ್ಲ. ಕೆಲಸ ಹೋಯಿತು, ಆಸ್ಪತ್ರೆಯ ಸೌಲಭ್ಯ ಹೋಯಿತು, ಕೆಲವರನ್ನು ದೇಶದಿಂದಲೇ ಕಳಿಸಿಬಿಟ್ಟರು. ಅವರು ಹಡಗಿನಿಂದ ಇಳಿದ ದಿನದ ಚೀಟಿಗಳನ್ನು ಸರ್ಕಾರ 2010ರಲ್ಲೇ ನಾಶ ಮಾಡಿತ್ತು. ಇದನ್ನೆಲ್ಲ ಕಣ್ಣಾರೆ ನೋಡಿದ ವಲಸಿಗರೊಬ್ಬರು ‘ನನ್ನ ದನಿ ಇಂಟರ್ನೆಟ್ಟಿನಲ್ಲಿ ಬೇಡ’ ಅಂದರೆ ಅದನ್ನು ತಲೆಬಾಗಿ ಕೇಳಬೇಕು.

ಈಗ ನಿಮ್ಮ ದೊಡ್ಡ ಪ್ರಶ್ನೆ. ಬೇಕಾದಷ್ಟು ಬರೆದಿದ್ದಾರೆ ಅನ್ನುವುದು ನಿಜ. ಆದರೆ ಅದರಲ್ಲಿ ಬಹುಪಾಲು ಒಂದೇ ಕತೆ. ಫೋರ್ನಿಯರ್ ಬೀದಿಯ ಮೂಲೆಯಲ್ಲಿರುವ 59ನೇ ನಂಬರಿನ ಕಟ್ಟಡದಿಂದ ಆ ಕತೆ ಶುರುವಾಗುತ್ತದೆ. 1743ರಲ್ಲಿ ಫ್ರಾನ್ಸಿನಿಂದ ಓಡಿಬಂದ ಪ್ರಾಟೆಸ್ಟೆಂಟರು, ಅಂದರೆ ಹ್ಯೂಗೆನಾಟರು, ಅದನ್ನು ತಮ್ಮ ಪ್ರಾರ್ಥನಾ ಮಂದಿರವಾಗಿ ಕಟ್ಟಿದರು. 1819ರಲ್ಲಿ ಮೆಥಡಿಸ್ಟ್ ಅನ್ನುವ ಇನ್ನೊಂದು ಪ್ರಾಟೆಸ್ಟೆಂಟ್ ಪಂಗಡದ ಚರ್ಚಾಯಿತು. 1898ರಲ್ಲಿ ಪೂರ್ವ ಯುರೋಪಿನಿಂದ ಬಂದ ಯಹೂದಿಗಳ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರ, ಆಯಿತು. 1976ರಲ್ಲಿ ಮಸೀದಿಯಾಯಿತು. ಗೋಡೆಯ ಮೇಲೆ ಇವತ್ತಿಗೂ 1743ರ ನೆರಳು ಗಡಿಯಾರವಿದೆ. ಅದರ ಮೇಲೆ ಲ್ಯಾಟಿನ್‌ನಲ್ಲಿ ‘ಉಂಬ್ರಾ ಸುಮುಸ್’ ಅಂತ ಕೆತ್ತಿದ್ದಾರೆ. ನಾವು ನೆರಳು ಅಂತ ಅರ್ಥ.

ಚೆಂದದ ಕತೆ, ಸುಳ್ಳೂ ಅಲ್ಲ. ಮೊದಲ ಸಲ ಆ ಗೋಡೆಯ ಕೆಳಗೆ ನಿಂತಾಗ ನನಗೂ ಮೈ ಜುಂ ಅಂದಿತ್ತು. ಆದರೆ ಇದನ್ನೇ ನಿಮ್ಮ ವೆಬ್‌ಸೈಟಿನ ಬೆನ್ನೆಲುಬು ಮಾಡಿಕೊಳ್ಳಬೇಡಿ. ಒಬ್ಬರು ಬಂದರು, ಬೆಳೆದರು, ಜಾಗ ಬಿಟ್ಟರು, ಇನ್ನೊಬ್ಬರು ಬಂದರು ಅಂತ ಮೆಟ್ಟಿಲು ಹತ್ತಿದ ಹಾಗೆ ಹೇಳಿದರೆ ಜಗಳ, ಹಸಿವು, ಬಾಡಿಗೆ ಎಲ್ಲ ಮಾಯವಾಗುತ್ತವೆ. ಕಟ್ಟಡ ಕಟ್ಟುವಷ್ಟು ದುಡ್ಡಿಲ್ಲದವರೂ ಮಾಯವಾಗುತ್ತಾರೆ.

ಅದೇ ಕಟ್ಟಡವನ್ನೇ ನೋಡಿ. 1809ರಲ್ಲಿ ಅದನ್ನು ಬಾಡಿಗೆಗೆ ಹಿಡಿದದ್ದು ಯಹೂದಿಗಳನ್ನು ಕ್ರೈಸ್ತ ಮತಕ್ಕೆ ಸೇರಿಸಲು ಹೊರಟ ಒಂದು ಸಂಘ. ಮುಂದೆ ಅದೇ ಗೋಡೆಗಳ ಒಳಗೆ ಯಹೂದಿಗಳು ತಮ್ಮ ಪ್ರಾರ್ಥನೆ ಹೇಳಿದರು. ಮೆಟ್ಟಿಲಿನ ಕತೆಯಲ್ಲಿ ಈ ಸಂಗತಿಯನ್ನು ಸುಮಾರು ಜನ ಬಿಟ್ಟುಬಿಡುತ್ತಾರೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1685ರಲ್ಲಿ ಫ್ರಾನ್ಸಿನ ದೊರೆ ಪ್ರಾಟೆಸ್ಟೆಂಟರಿಗೆ ಇದ್ದ ರಕ್ಷಣೆಯನ್ನು ಕಿತ್ತುಹಾಕಿದ. ಆಗ ಬಂದವರಲ್ಲಿ ರೇಷ್ಮೆ ನೇಕಾರರು ತುಂಬಾ ಜನ. ನೇಯ್ಗೆಗೆ ಬೆಳಕು ಬೇಕಲ್ಲ, ಅದಕ್ಕೆ ಈ ಭಾಗದ ಮನೆಗಳ ಅಟ್ಟದಲ್ಲಿ ಅಗಲದ ಕಿಟಕಿಗಳಿವೆ. ಪ್ರವಾಸಿಗರು ತಲೆಯೆತ್ತಿ ನೋಡುವುದು ಆ ಕಿಟಕಿಗಳನ್ನು. ಆದರೆ 1760ರ ದಶಕದಲ್ಲಿ ಇಲ್ಲಿ ಕೂಲಿಗಾಗಿ ದೊಡ್ಡ ಗಲಾಟೆ ನಡೆಯಿತು. ಕಡಿಮೆ ಕೂಲಿಗೆ ನೇಯುವ ಮಗ್ಗಗಳ ಮೇಲಿನ ರೇಷ್ಮೆಯನ್ನು ಸಿಟ್ಟಾದ ನೇಕಾರರು ರಾತ್ರಿ ಹೋಗಿ ಕತ್ತರಿಸಿ ಬರುತ್ತಿದ್ದರು. 1769ರ ಡಿಸೆಂಬರಿನಲ್ಲಿ ಜಾನ್ ಡಾಯ್ಲ್, ಜಾನ್ ವ್ಯಾಲಿನ್ ಅನ್ನುವ ಇಬ್ಬರು ನೇಕಾರರನ್ನು ಪಕ್ಕದ ಬೆತ್ನಲ್ ಗ್ರೀನಿನಲ್ಲಿ, ಅವರ ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಹೆಸರು ಗಮನಿಸಿ. ಒಂದು ಐರಿಷ್, ಇನ್ನೊಂದು ಫ್ರೆಂಚ್ ಮೂಲದ್ದು. ಅವರ ಎದುರು ನಿಂತ ದೊಡ್ಡ ಮಾಲೀಕರಲ್ಲಿ ಶೋವೆ ಅನ್ನುವ ಹ್ಯೂಗೆನಾಟ್ ಹೆಸರೂ ಇದೆ. ಐರಿಷರಿಗೆ ಆ ಮೆಟ್ಟಿಲಿನ ಕತೆಯಲ್ಲಿ ಜಾಗವೇ ಇಲ್ಲ. ಹ್ಯೂಗೆನಾಟರು ಮಾತ್ರ ಒಂದೇ ಗುಂಪಿನ ಹಾಗೆ ಕಾಣುತ್ತಾರೆ. ಆ ವಿಚಾರಣೆಯ ದಾಖಲೆ ಓಲ್ಡ್ ಬೈಲಿ ನ್ಯಾಯಾಲಯದ ಆನ್‌ಲೈನ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ. 1674ರಿಂದ 1913ರವರೆಗಿನ ವಿಚಾರಣೆಗಳು ಅಲ್ಲಿವೆ. ಅಲ್ಲಿ ಮಾತಾಡುವವರು ಮನೆಕೆಲಸದವರು, ಅಂಗಡಿಯವರು, ನೇಕಾರರ ಹೆಂಡತಿಯರು. ಬೀದಿಯ ಹೆಸರು ಹಾಕಿ ಹುಡುಕಿ ನೋಡಿ, ಒಂದು ಇಡೀ ಸಂಜೆ ಕಳೆದದ್ದೇ ಗೊತ್ತಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಇಡೀ ಬ್ರಿಕ್ ಲೇನ್ ಬಿಡಿ. ಫೋರ್ನಿಯರ್ ಬೀದಿಯ ಮೂಲೆಯಿಂದ ಪ್ರಿನ್ಸ್‌ಲೆಟ್ ಬೀದಿಯ ಮೂಲೆಯವರೆಗೆ ಮಾತ್ರ ಹಿಡಿಯಿರಿ. ನಿಧಾನಕ್ಕೆ ನಡೆದರೂ ಒಂದೆರಡು ನಿಮಿಷದ ದಾರಿ. ಅದರಲ್ಲಿ ಐದು ಬಾಗಿಲು ಆರಿಸಿ, ಒಬ್ಬೊಬ್ಬರಿಗೆ ಒಂದೊಂದು. ಆ ಬಾಗಿಲ ಹಿಂದೆ ಯಾರು ಇದ್ದರು, ಎಷ್ಟು ಜನ ಇದ್ದರು, ಏನು ಮಾಡಿ ಬದುಕಿದರು, ಬಾಡಿಗೆ ಯಾರಿಗೆ ಕೊಟ್ಟರು, ಯಾಕೆ ಬಿಟ್ಟು ಹೋದರು. ಇಷ್ಟನ್ನೇ ಹುಡುಕಿ. ಬಾಗಿಲು ಸಣ್ಣದಾದಷ್ಟೂ ನಿಮಗೆ ಹೊಸದು ಸಿಗುವ ಸಾಧ್ಯತೆ ಜಾಸ್ತಿ. ಅಂಥ ಬಾಗಿಲಿನ ಬಗ್ಗೆ ಇದುವರೆಗೆ ಯಾರೂ ಬರೆದಿರದಿದ್ದರೂ ಆಶ್ಚರ್ಯವಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಬೀದಿಗಳ ಹೆಸರು ಬದಲಾಗಿವೆ. ಇವತ್ತಿನ ಫೋರ್ನಿಯರ್ ಬೀದಿ ಹಿಂದೆ ಚರ್ಚ್ ಸ್ಟ್ರೀಟ್, ಪ್ರಿನ್ಸ್‌ಲೆಟ್ ಬೀದಿ ಪ್ರಿನ್ಸಸ್ ಸ್ಟ್ರೀಟ್ ಆಗಿತ್ತು. ಮನೆ ನಂಬರುಗಳನ್ನೂ ನಂಬಬೇಡಿ, ಬೀದಿಯ ಹೆಸರು ಬದಲಾದ ಕಡೆ ನಂಬರೂ ಬದಲಾಗಿರಬಹುದು. ಹಾಗಾಗಿ ಮೊದಲ ವಾರ ಹಳೆಯ ನಕಾಶೆಗಳ ಮೇಲೆ ನಿಮ್ಮ ಐದು ಬಾಗಿಲುಗಳನ್ನು ಗುರುತು ಮಾಡಿ. ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯದ ವೆಬ್‌ಸೈಟಿನಲ್ಲಿ ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ನಕಾಶೆಗಳು ಪುಕ್ಕಟೆಯಾಗಿ ಸಿಗುತ್ತವೆ. ಬೆಂಕಿ ವಿಮೆ ಕಂಪನಿಗಳಿಗಾಗಿ ಮಾಡಿದ ಗೋಡ್ ನಕಾಶೆಗಳು ಇನ್ನೂ ಒಳ್ಳೆಯವು. ಯಾವ ಗೋಡೆ ಇಟ್ಟಿಗೆಯದು, ಎಲ್ಲಿ ಬೇಕರಿ, ಎಲ್ಲಿ ಹೊಲಿಗೆ ಕಾರ್ಖಾನೆ ಅಂತ ಅವು ಹೇಳುತ್ತವೆ.

ಇನ್ನೆರಡು ನಕಾಶೆಗಳು ನಿಮಗೆ ಸಿಕ್ಕೇ ಸಿಗುತ್ತವೆ. ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ 1889ರಲ್ಲಿ ಲಂಡನ್ನಿನ ಬಡತನದ ನಕಾಶೆ ಮಾಡಿಸಿದ, ಹತ್ತು ವರ್ಷದ ನಂತರ ತಿದ್ದಿಸಿದ. ಒಂದೊಂದು ಬೀದಿಗೂ ಒಂದೊಂದು ಬಣ್ಣ. ಅತ್ಯಂತ ಬಡವರ ಬೀದಿಗೆ ಕಪ್ಪು, ಅದರ ವಿವರಣೆಯಲ್ಲೇ ಅವರನ್ನು ಅರೆ ಅಪರಾಧಿಗಳು ಅಂತ ಕರೆದಿದ್ದಾರೆ. ಜಾರ್ಜ್ ಆರ್ಕೆಲ್ 1899ರಲ್ಲಿ ಯಹೂದಿಗಳು ಎಲ್ಲೆಲ್ಲಿ ಇದ್ದಾರೆ ಅಂತ ಇನ್ನೊಂದು ನಕಾಶೆ ಮಾಡಿದ. ನೀಲಿ ಗಾಢವಾದಷ್ಟೂ ಯಹೂದಿಗಳು ಜಾಸ್ತಿ. ‘ಹೊರಗಿನವರು ತುಂಬಿಹೋದರು’ ಅಂತ ಆಗ ದೊಡ್ಡ ಗದ್ದಲ ಎದ್ದಿತ್ತು. 1905ರಲ್ಲಿ ವಲಸೆ ತಡೆಯುವ ಕಾನೂನೂ ಬಂತು. ಈ ನಕಾಶೆಗಳನ್ನು ಹಾಗೇ ಎತ್ತಿ ವೆಬ್‌ಸೈಟಿನಲ್ಲಿ ಹಾಕಿದರೆ ಆ ಗದ್ದಲವನ್ನೇ ಮತ್ತೆ ಹೇಳಿದ ಹಾಗಾಗುತ್ತದೆ. ಬೂತ್‌ನ ಜನ ಪೊಲೀಸರ ಜೊತೆ ಬೀದಿ ಬೀದಿ ನಡೆದು ಟಿಪ್ಪಣಿ ಬರೆದರು. ಪೊಲೀಸಿನವನು ಪಕ್ಕದಲ್ಲಿದ್ದಾಗ ಯಾರು ಬಾಗಿಲು ತೆರೆದರು, ಯಾರು ಮುಚ್ಚಿಕೊಂಡರು? ಆ ಟಿಪ್ಪಣಿ ಪುಸ್ತಕಗಳು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಗ್ರಂಥಾಲಯದ ಮೂಲಕ ಆನ್‌ಲೈನಿನಲ್ಲಿ ಸಿಗುತ್ತವೆ. ನಕಾಶೆಯ ಪಕ್ಕದಲ್ಲಿ ಅದೇ ಬೀದಿಯ ಟಿಪ್ಪಣಿಯನ್ನೂ ಇಡಿ. ಬಣ್ಣ ಬಳಿದವರ ಕಣ್ಣು ಯಾವುದು ಅಂತ ಓದುಗರಿಗೆ ತಿಳಿಯಲಿ.

ಜನಗಣತಿ ಪಟ್ಟಿ ನಿಮ್ಮ ಮುಖ್ಯ ಆಸರೆ ಅಂತ ಯಾರಾದರೂ ಹೇಳಬಹುದು. ಯಹೂದಿಗಳ ಕಾಲಕ್ಕೆ ಅದು ನಿಜ. ಆದರೆ ಅಲ್ಲೊಂದು ದೊಡ್ಡ ಗುಂಡಿ ಇದೆ. ಬ್ರಿಟನ್ನಿನಲ್ಲಿ ಮನೆಮನೆಯ ಪಟ್ಟಿಯನ್ನು 100 ವರ್ಷ ಮುಚ್ಚಿಡುತ್ತಾರೆ. 1921ರದ್ದು 2022ರ ಜನವರಿಯಲ್ಲಿ ತೆರೆಯಿತು. ಇಂಗ್ಲೆಂಡಿನ 1931ರ ಪಟ್ಟಿ 1942ರಲ್ಲಿ ಬೆಂಕಿಗೆ ಸುಟ್ಟುಹೋಯಿತು. 1941ರಲ್ಲಿ ಯುದ್ಧ, ಗಣತಿಯೇ ನಡೆಯಲಿಲ್ಲ. ನಡುವೆ ಸಿಗುವುದು 1939ರ ಸೆಪ್ಟೆಂಬರಿನಲ್ಲಿ ಯುದ್ಧಕ್ಕಾಗಿ ಬರೆದ ರಿಜಿಸ್ಟರ್ ಒಂದೇ. 1951ರ ಪಟ್ಟಿ ತೆರೆಯುವ ಹೊತ್ತಿಗೆ ನಿಮಗೇ ವಯಸ್ಸಾಗಿರುತ್ತದೆ. ಅಂದರೆ ಬಂಗಾಳಿಗಳು ಹೆಚ್ಚಾಗಿ ಬಂದ ಇಡೀ ಕಾಲಕ್ಕೆ ಮನೆಮನೆಯ ಗಣತಿ ನಿಮ್ಮ ಕೈಗೆ ಸಿಗುವುದಿಲ್ಲ.

ಆಗ ಬೇರೆ ದಾರಿ ಹುಡುಕಬೇಕು. ಮತದಾರರ ಪಟ್ಟಿ ನೋಡಿ. ಬ್ರಿಟನ್ನಿನಲ್ಲಿ ನೆಲೆಸಿದ ಕಾಮನ್‌ವೆಲ್ತ್ ದೇಶದವರಿಗೆ ಮತದ ಹಕ್ಕು ಇದೆ, ಹಾಗಾಗಿ ಹೆಸರುಗಳು ಸಿಗುತ್ತವೆ. ಆದರೆ ಒಂದೇ ಕೋಣೆಯಲ್ಲಿ ಪಾಳಿಯ ಮೇಲೆ ಮಲಗುತ್ತಿದ್ದ ಗಂಡಸರೆಲ್ಲ ಹೆಸರು ಬರೆಸಿರುತ್ತಾರೆ ಅಂತ ಅಂದುಕೊಳ್ಳಬೇಡಿ. ಅಂಗಡಿಗಳಿಗೆ ಹಳೆಯ ಪೋಸ್ಟ್ ಆಫೀಸ್ ಡೈರೆಕ್ಟರಿಗಳು, ಕಟ್ಟಡ ಬದಲಾವಣೆಗೆ ಕೌನ್ಸಿಲಿನ ಅರ್ಜಿ ಕಡತಗಳು, ಹಳೆಯ ಫೋಟೋಗಳು. ಇವಕ್ಕೆಲ್ಲ ಮೊದಲು ಹೋಗಬೇಕಾದ ಜಾಗ ಬ್ಯಾನ್‌ಕ್ರಾಫ್ಟ್ ರಸ್ತೆಯಲ್ಲಿರುವ ಟವರ್ ಹ್ಯಾಮ್ಲೆಟ್ಸ್ (ಬ್ರಿಕ್ ಲೇನ್ ಇರುವ ಆಡಳಿತ ಪ್ರದೇಶ) ಸ್ಥಳೀಯ ಇತಿಹಾಸ ಗ್ರಂಥಾಲಯ. ಅಲ್ಲಿನ ಸಿಬ್ಬಂದಿಗೆ ನಿಮ್ಮ ಐದು ಬಾಗಿಲುಗಳ ಪಟ್ಟಿ ಕೊಟ್ಟು ಕೇಳಿ. ‘ವಲಸೆಯ ಇತಿಹಾಸ ಬೇಕು’ ಅಂತ ಕೇಳಬೇಡಿ, ಅದಕ್ಕೆ ಯಾರೂ ಉತ್ತರ ಕೊಡಲಾರರು.

ಹುಡುಕುವಾಗ ಪದಗಳು ನಿಮ್ಮನ್ನು ದಾರಿ ತಪ್ಪಿಸುತ್ತವೆ. ಈ ಬೀದಿಯ ಬಂಗಾಳಿಗಳಲ್ಲಿ ಬಹುಪಾಲು ಜನ ಸಿಲೆಟ್ ಕಡೆಯವರು. ಬ್ರಿಟಿಷ್ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ಹಾಕುತ್ತಿದ್ದ ಲಸ್ಕರ್‌ಗಳಲ್ಲಿ, ಅಂದರೆ ನಮ್ಮ ಕಡೆಯ ಹಡಗು ಕೆಲಸಗಾರರಲ್ಲಿ, ಕೆಲವರು ಲಂಡನ್ನಿನಲ್ಲಿ ಇಳಿದು ಉಳಿದರು, ಅವರ ಬೆನ್ನಿಗೆ ಅಣ್ಣತಮ್ಮಂದಿರು, ಊರಿನವರು ಬಂದರು. ಸಿಲೆಟ್ 1947ರವರೆಗೆ ಅಸ್ಸಾಮಿನಲ್ಲಿತ್ತು. ಆ ವರ್ಷ ಜನಮತ ನಡೆದು ಅದರ ಬಹುಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು. 1971ರಲ್ಲಿ ಅದು ಬಾಂಗ್ಲಾದೇಶವಾಯಿತು. ಒಬ್ಬನೇ ಮನುಷ್ಯ, ಒಂದೇ ಮನೆ. ಕಾಗದದಲ್ಲಿ ಮೊದಲು ಭಾರತೀಯ, ಆಮೇಲೆ ಪಾಕಿಸ್ತಾನಿ, ಆಮೇಲೆ ಬಾಂಗ್ಲಾದೇಶಿ. ಅವನ ಹೋಟೆಲಿನ ಬೋರ್ಡಿನಲ್ಲಿ ಮಾತ್ರ ‘ಇಂಡಿಯನ್’. ನಮಗೆ ಇದು ಅರ್ಥವಾಗದ ವಿಷಯವೇನಲ್ಲ. 1956ಕ್ಕೆ ಮುಂಚೆ ಮಂಗಳೂರಿನವರು ಕಾಗದದಲ್ಲಿ ಮದ್ರಾಸಿನವರು, ಕಲಬುರಗಿಯವರು ಹೈದರಾಬಾದಿನವರು. ಹಾಗಾಗಿ ಈ ಎಲ್ಲ ಹೆಸರು ಹಾಕಿ ಹುಡುಕಿ. ಯಾವ ದಾಖಲೆ ಯಾವ ಹೆಸರಿನಿಂದ ಕರೆದಿದೆ ಅನ್ನುವುದನ್ನು ಪುಟದಲ್ಲಿ ಹಾಗೇ ಬರೆಯಿರಿ, ಎಲ್ಲವನ್ನೂ ‘ಬಾಂಗ್ಲಾದೇಶಿ’ ಅಂತ ತಿದ್ದಬೇಡಿ.

ಹೋಟೆಲುಗಳ ಬಗ್ಗೆ ಒಂದು ಮಾತು. ಹೊಸ ಶತಮಾನದ ಮೊದಲ ದಶಕದ ಮಧ್ಯದಲ್ಲಿ ಬ್ರಿಕ್ ಲೇನಿನಲ್ಲಿ ಸುಮಾರು 60 ಕರಿ ಹೋಟೆಲುಗಳಿದ್ದವು, 2020ರ ಹೊತ್ತಿಗೆ 23 ಉಳಿದವು. ಮುಚ್ಚುವ ಹೋಟೆಲಿನ ಮೆನು, ಬೋರ್ಡು, ಲೆಕ್ಕದ ಪುಸ್ತಕ ಕಸದ ಡಬ್ಬಿಗೆ ಹೋಗುತ್ತವೆ. ಆ ಹಿರಿಯರ ಬಳಿ ಹಳೆಯ ಮೆನು ಕಾರ್ಡು ಇದೆಯಾ ಅಂತ ಕೇಳಿ. ದನಿ ಕೊಡದವರು ಮೆನು ಕೊಡಬಹುದು. ಬೆಲೆಗಳು, ತಿಂಡಿಗಳ ಹೆಸರು, ಬ್ರಿಟಿಷರ ನಾಲಿಗೆಗೆ ಹೊಂದಿಸಿದ ವಿವರಣೆ, ಎಲ್ಲ ಅದರಲ್ಲಿರುತ್ತದೆ.

ಯಾವ ಡೈರೆಕ್ಟರಿಯಲ್ಲೂ ಸಿಗದವರು ಮನೆಯಲ್ಲೇ ಹೊಲಿಗೆ ಮಾಡಿದ ಹೆಂಗಸರು. 1970, 80ರ ದಶಕಗಳಲ್ಲಿ ಕುಟುಂಬಗಳು ಬಂದು ಸೇರಿದ ಮೇಲೆ ಕತ್ತರಿಸಿದ ಬಟ್ಟೆಯ ಗಂಟು ಮನೆಗೆ ಬರುತ್ತಿತ್ತು, ಹೊಲಿದು ಕೊಟ್ಟರೆ ಒಂದೊಂದು ಬಟ್ಟೆಗೆ ಇಷ್ಟು ಅಂತ ಕೂಲಿ. ಅದಕ್ಕೆ ಹಿಂದೆ ಯಹೂದಿ ಹೆಂಗಸರೂ ಇದೇ ಬೀದಿಗಳಲ್ಲಿ ಹೊಲಿಗೆಯನ್ನೇ ಮಾಡಿದ್ದರು. ಮೆಟ್ಟಿಲಿನ ಕತೆಗಿಂತ ಈ ಹೊಲಿಗೆ ಯಂತ್ರದ ಕತೆ ನನಗೆ ಹೆಚ್ಚು ನಿಜವಾಗಿ ಕಾಣುತ್ತದೆ. ನಿಮ್ಮ ಐದು ಬಾಗಿಲುಗಳಲ್ಲಿ ಒಂದನ್ನಾದರೂ ಇದಕ್ಕೆ ಮೀಸಲಿಡಿ. ಅವರ ಜೊತೆ ಮಾತಾಡುವಾಗ ಮಗಳನ್ನೋ ಮೊಮ್ಮಗಳನ್ನೋ ಅನುವಾದಕ್ಕೆ ಕೂರಿಸಬೇಡಿ. ಮಗಳ ಎದುರು ತಾಯಿ ಹೇಳದ ಮಾತುಗಳಿರುತ್ತವೆ.

ಭಾಷೆಯ ವಿಷಯಕ್ಕೆ ಬಂದೆ. ನಿಮ್ಮ ಕಾಲೇಜಿನಲ್ಲಿ ಕೋಲ್ಕತ್ತದ ಸ್ನೇಹಿತರು ಇರಬಹುದು, ಅವರನ್ನು ಕರೆದುಕೊಂಡು ಹೋದರೆ ಆಯಿತು ಅನ್ನಿಸಬಹುದು. ಸಾಲದು. ಬ್ರಿಕ್ ಲೇನಿನ ಬಂಗಾಳಿಗಳು ಮನೆಯೊಳಗೆ ಆಡುವುದು ಸಿಲೇಟಿ. ತುಳು ಮನೆಯಲ್ಲಿ ಮೈಸೂರಿನವರನ್ನು ಅನುವಾದಕ್ಕೆ ಕೂರಿಸಿದರೆ ಹೇಗೋ ಹೆಚ್ಚುಕಡಿಮೆ ಹಾಗೆ. ಹಿರಿಯರು ಮರ್ಯಾದೆಗೆ ಪುಸ್ತಕದ ಬಂಗಾಳಿಗೆ ಬದಲಾಗಿಬಿಡುತ್ತಾರೆ, ಮಾತಿನ ಜೀವವೇ ಹೋಗುತ್ತದೆ. ಸಿಲೇಟಿಗೆ ತನ್ನದೇ ಹಳೆಯ ಲಿಪಿ ಕೂಡ ಇದೆ, ಸಿಲೇಟಿ ನಾಗರಿ ಅಂತ. ಪೂರ್ವ ಲಂಡನ್ನಿನಲ್ಲೇ ಹುಟ್ಟಿ ಬೆಳೆದ, ಸಿಲೇಟಿ ಬರುವ ಯುವಕ ಯುವತಿಯರನ್ನು ಕೇಳಿ. ಅವರ ಕೆಲಸಕ್ಕೆ ಸಂಬಳ ಕೊಡಿ, ನಿಮ್ಮ ಹೆಸರಿನ ಜೊತೆ ಅವರ ಹೆಸರನ್ನೂ ಹಾಕಿ. ಇದಕ್ಕೆ ಹಣ ಬೇಕು ಅಂತ ನಿಮ್ಮ ವಿಭಾಗವನ್ನು ಈಗಲೇ ಕೇಳಿ.

1978ರ ಬಗ್ಗೆ ಬರೆಯದೆ ಇರಲು ಆಗುವುದಿಲ್ಲ. ಆ ವರ್ಷ ಮೇ 4ರ ಸಂಜೆ ಅಲ್ತಾಬ್ ಅಲಿ ಅನ್ನುವ ಬಟ್ಟೆ ಕಾರ್ಖಾನೆಯ ಯುವಕ ಕೆಲಸ ಮುಗಿಸಿ ಮನೆಗೆ ಹೋಗುವಾಗ ಜನಾಂಗ ದ್ವೇಷಕ್ಕೆ ಬಲಿಯಾದ. ಮೇ 14ರಂದು ಸಾವಿರಾರು ಜನ ಅವನ ಶವಪೆಟ್ಟಿಗೆಯ ಹಿಂದೆ ಪ್ರಧಾನಿಯ ಮನೆಯವರೆಗೆ ನಡೆದರು. ಅವನು ಬಿದ್ದ ಜಾಗದ ಹತ್ತಿರದ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರಿಟ್ಟರು. ಬಂಗಾಳಿ ಭಾಷೆಗಾಗಿ ಪ್ರಾಣ ಕೊಟ್ಟವರಿಗೆ ಢಾಕಾದಲ್ಲಿ ಕಟ್ಟಿದ ಸ್ಮಾರಕದ ಮಾದರಿಯೂ ಅಲ್ಲಿದೆ. ಈ ಪುಟದಲ್ಲಿ ಕೊಲೆಯ ವಿವರ ಕಡಿಮೆ ಇರಲಿ. ಆ ದಿನ ನಡೆದವರು ಇನ್ನೂ ಇದ್ದಾರೆ, ಹೆಚ್ಚಿನವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಅಂಗಡಿ ಮುಚ್ಚಿದ್ದು ಯಾರು, ಮನೆಯಲ್ಲಿ ಹೆಂಗಸರು ಏನು ಮಾಡುತ್ತಿದ್ದರು, ಆಮೇಲಿನ ವಾರ ಕತ್ತಲಾದ ಮೇಲೆ ಹೊರಗೆ ಹೋದರಾ, ಅದನ್ನು ಕೇಳಿ.

ವೆಬ್‌ಸೈಟಿನ ತಾಂತ್ರಿಕ ಭಾಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಮೆಕಾ ಅನ್ನುವ ಉಚಿತ ಸಾಫ್ಟ್‌ವೇರ್ ಇಂಥ ಕೆಲಸಕ್ಕೇ ಅಂತ ಮಾಡಿದ್ದು, ಇತಿಹಾಸದ ವಿದ್ಯಾರ್ಥಿಗಳೂ ಬಳಸಬಹುದು. ಐದು ಬಾಗಿಲು, ಐದು ಪುಟ, ಒಂದು ನಕಾಶೆ. ಅಷ್ಟು ಸಾಕು. ಹಕ್ಕಿನ ವಿಷಯದಲ್ಲಿ ಮಾತ್ರ ಎಚ್ಚರ. ಮನೆಯವರ ಹತ್ತಿರ ಫೋಟೋ ಇದೆ ಅಂದ ಮಾತ್ರಕ್ಕೆ ಅದರ ಹಕ್ಕು ಅವರದ್ದಲ್ಲ. ಅದು ಸಾಮಾನ್ಯವಾಗಿ ತೆಗೆದವರದ್ದು, ಬ್ರಿಟನ್ನಿನಲ್ಲಿ ಅವರು ಸತ್ತು 70 ವರ್ಷದವರೆಗೆ ಉಳಿಯುತ್ತದೆ. ಸ್ಟುಡಿಯೋದ ಮುದ್ರೆ ಇದ್ದರೆ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಜೀವಂತ ಇರುವವರ ಸಂದರ್ಶನಕ್ಕೆ ನಿಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿ ಬೇಕಾಗುತ್ತದೆ, ಅದು ವಾರಗಟ್ಟಲೆ ಹಿಡಿಯಬಹುದು. ಆ ಅರ್ಜಿಯನ್ನು ಮೊದಲ ವಾರವೇ ಹಾಕಿ. ಇಲ್ಲದಿದ್ದರೆ 12 ವಾರ ಅದರಲ್ಲೇ ಮುಗಿಯುತ್ತದೆ.

ಇನ್ನೊಂದು ವಿಷಯ ನನ್ನ ಮನಸ್ಸಿಗೆ ಇವತ್ತಿಗೂ ಚುಚ್ಚುತ್ತದೆ. ವರ್ಷಗಳ ಹಿಂದೆ ನಾನು ಸೇರಿಕೊಂಡು ಮಾಡಿದ ಇಂಥದ್ದೇ ಒಂದು ವೆಬ್‌ಸೈಟ್ ಎರಡು ವರ್ಷದಲ್ಲಿ ಮಾಯವಾಯಿತು. ಯೋಜನೆ ಮುಗಿದಿತ್ತು, ಹುಡುಗರು ಕೆಲಸಕ್ಕೆ ಹೋಗಿದ್ದರು, ಡೊಮೈನಿನ ದುಡ್ಡು ಯಾರೂ ಕಟ್ಟಲಿಲ್ಲ. ಫೋಟೋ ಕೊಟ್ಟಿದ್ದ ಒಬ್ಬ ಅಜ್ಜಿ ಸಿಕ್ಕಾಗ ‘ನಮ್ಮ ಯಜಮಾನರ ಫೋಟೋ ಈಗ ಕಾಣೋದಿಲ್ವಲ್ಲಪ್ಪ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಾಗಿ ಮೊದಲೇ ತೀರ್ಮಾನ ಮಾಡಿ. ಎಲ್ಲ ಫೈಲುಗಳ ಒಂದು ಪ್ರತಿಯನ್ನು ಬ್ಯಾನ್‌ಕ್ರಾಫ್ಟ್ ರಸ್ತೆಯ ಗ್ರಂಥಾಲಯ ತೆಗೆದುಕೊಳ್ಳುತ್ತದಾ ಕೇಳಿ. ಪುಟಗಳನ್ನು ವೇಬ್ಯಾಕ್ ಮಷೀನಿನಲ್ಲಿ, ಅಂದರೆ ವೆಬ್ ಪುಟಗಳ ಪ್ರತಿ ಕಾದಿಡುವ ಆನ್‌ಲೈನ್ ಸಂಗ್ರಹದಲ್ಲಿ, ಉಳಿಸಿ. ಆದರೆ ಹೀಗೆ ಉಳಿಸುತ್ತೇವೆ ಅನ್ನುವುದನ್ನೂ ಮಾತಾಡಿದವರಿಗೆ ಹೇಳಿರಬೇಕು. ಆಮೇಲೆ ‘ತೆಗೆದುಬಿಡಿ’ ಅಂದರೆ ಅಲ್ಲಿಂದ ತೆಗೆಸುವುದು ಸುಲಭವಲ್ಲ.

ಆ ಹಿರಿಯರ ಪುಟ ಸಿದ್ಧವಾದ ಮೇಲೆ ಲಿಂಕ್ ಕಳಿಸಿ ಸುಮ್ಮನಾಗಬೇಡಿ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಬಂಗಾಳಿ ಅನುವಾದವನ್ನೂ ಜೊತೆಗಿಟ್ಟು ಅವರ ಕೈಗೆ ಕೊಡಿ. ಅದನ್ನು ಅವರು ಓದಿ ಹೇಳುವವರೆಗೆ ಆ ಪುಟವನ್ನು ಎಲ್ಲರಿಗೂ ತೆರೆಯಬೇಡಿ. ಇನ್ನು ಬ್ಯಾನ್‌ಕ್ರಾಫ್ಟ್ ರಸ್ತೆಗೆ ಹೋಗುವಾಗ ಒಂದು ಪೆನ್ಸಿಲ್ ಇಟ್ಟುಕೊಳ್ಳಿ, ಹಳೆಯ ಕಾಗದಗಳ ಹತ್ತಿರ ಪೆನ್ನು ಬಿಡುವುದಿಲ್ಲ.